ಫಿನ್‌ಲೆಂಡ್‌ನಲ್ಲಿ ಮೊದಲ ಚಳಿಗಾಲ: ನೋಕಿಯನ್ ಟೈರಿಗೇ ದುಡ್ಡು ಹಾಕಬೇಕಾ?

ತಾಂಪೆರೆ_ಹೊಸಬ
ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯವನು, ಈ ಆಗಸ್ಟ್‌ನಲ್ಲಿ ತಾಂಪೆರೆಗೆ ಕೆಲಸಕ್ಕೆ ಬಂದೆ. ಹಳೇ ಕೊರೊಲ್ಲಾ ಒಂದು ತಗೊಂಡಿದ್ದೀನಿ, ಟೈರ್ ಸೈಜ್ 205/55 ಆರ್16. ಮಾರಿದವರು ಬೇಸಿಗೆ ಟೈರ್ ಮಾತ್ರ ಕೊಟ್ಟರು. ಚಳಿಗಾಲದ ಸೆಟ್ ವಿಚಾರಿಸೋಣ ಅಂತ ಅಂಗಡಿಗೆ ಹೋದರೆ, ನೋಕಿಯನ್ ಕಂಪನಿಯ ಹಕ್ಕಪೆಲೀತ್ತ ಅನ್ನೋ ಚಳಿಗಾಲದ ಟೈರ್ ನಾಲ್ಕಕ್ಕೆ ಹೇಳಿದ ರೇಟಿಗೆ ಯಾವುದೋ ಹೆಸರು ಕೇಳದ ಕಂಪನಿಯ ಎರಡು ಸೆಟ್ ಬರುತ್ತೆ. ಆಫೀಸಲ್ಲಿ ಫಿನ್ನಿಶ್ ಜನರನ್ನ ಕೇಳಿದರೆ ಯೋಚನೆ ಕೂಡ ಮಾಡದೆ "ಹಕ್ಕಪೆಲೀತ್ತ ತಗೋ" ಅಂತಾರೆ. ಕಂಪನಿ ಇರೋದು ಇಲ್ಲೇ ಪಕ್ಕದ ನೋಕಿಯಾ ಊರಲ್ಲಿ, ಸಿಟಿ ಬಸ್ಸಲ್ಲೇ ಹೋಗಬಹುದು.

ಇದು ಟೈರಿನ ಗುಣವೋ, ಊರಿನ ಅಭಿಮಾನವೋ? ಮತ್ತೆ ಮಂಜುಗಡ್ಡೆ ಕಚ್ಚೋಕೆ ಮೇಲ್ಮೈಯಲ್ಲಿ ಲೋಹದ ಮೊಳೆ ಇರೋದು ತಗೊಳ್ಳಲಾ, ಇಲ್ಲದ್ದಾ? ಅನುಭವ ಇರೋರು ಹೇಳಿ.

ಸುಮ್ನೆ_ಓದ್ತೀನಿ
ನೋಕಿಯಾ ಟೈರೂ ಮಾಡುತ್ತಾ?! ಬಿದ್ದರೂ ಒಡೆಯಲ್ಲ ಅನ್ನಿ ಹಾಗಾದ್ರೆ.

ಎಸ್ಪೂ_ಅಕ್ಕ
ಪ್ರತಿ ವರ್ಷ ಅಕ್ಟೋಬರಿಗೆ ಈ ಪ್ರಶ್ನೆ ಬಂದೇ ಬರುತ್ತೆ :) ತಮ್ಮಾ, ಮೊದಲು ಕಾನೂನು ತಿಳ್ಕೊ. ನವೆಂಬರಿಂದ ಮಾರ್ಚ್ ಕೊನೆವರೆಗೆ ಹವಾಮಾನ ಇಲ್ಲವೇ ರಸ್ತೆ ಪರಿಸ್ಥಿತಿ ಕೇಳಿದರೆ ಚಳಿಗಾಲದ ಟೈರ್ ಕಡ್ಡಾಯ. 2020ಕ್ಕೆ ಮುಂಚೆ ಡಿಸೆಂಬರ್ 1ರಿಂದ ಫೆಬ್ರವರಿ ಕೊನೆ ಅಂತ ನಿಗದಿ ಇತ್ತು, ಈಗ ಹಾಗಲ್ಲ. ಗ್ರೂವ್ ಆಳ ಕನಿಷ್ಠ 3 ಮಿ.ಮೀ. ಇರಬೇಕು. ಬೇಸಿಗೆ ಟೈರಲ್ಲಿ "ನಿಧಾನಕ್ಕೆ ಹೋಗ್ತೀನಿ" ಅಂತ ಮಾತ್ರ ಹೊರಡಬೇಡ. ನಿಧಾನಕ್ಕೆ ಹೋಗಬಹುದು, ನಿಲ್ಲೋದು ನಿನ್ನ ಕೈಲಿರಲ್ಲ.

ಮೊಳೆ ವಿಷಯ: ಹೆಲ್ಸಿಂಕಿ, ಎಸ್ಪೂ ಒಳಗೇ ಓಡಾಡೋದಾದ್ರೆ ಮೊಳೆ ಇಲ್ಲದ್ದು, ಅಂದ್ರೆ ಇಲ್ಲಿಯವರು ಕಿತ್ಕಾ ಅನ್ನೋದು, ಸಾಕು. ಸದ್ದು ಕಮ್ಮಿ. ತಾಂಪೆರೆಯಿಂದ ಆಚೆ ಹಳ್ಳಿ ರಸ್ತೆ, ಮೊಕ್ಕಿ (ಕಾಡಿನ ರಜಾ ಮನೆ) ಅಂತೆಲ್ಲಾ ಹೋಗೋ ಆಸೆ ಇದ್ದರೆ ಮೊಳೆಯದ್ದೇ ತಗೊ.

ಹುಬ್ಳಿ_ಹುಡುಗ
ನಾ ಉತ್ತರದ ಔಲುದಾಗ ಇದ್ದೀನ್ರಿ. ಅಕ್ಕಾರು ಹೇಳಿದ್ದು ಬರೋಬ್ಬರಿ, ಆದ್ರ ಒಂದು ಮಾತು ಬಿಟ್ಟಾರ. ಮೈನಸ್ 20 ಇದ್ದಾಗ ಮಂಜುಗಡ್ಡಿ ಒಣಗಿದಂಗ ಇರ್ತೈತಿ, ಆವಾಗ ಕಿತ್ಕಾನೂ ಹಿಡೀತೈತಿ. ಖರೇ ತ್ರಾಸ ಬರೋದು ಸೊನ್ನೆ ಹತ್ರ. ಮ್ಯಾಲೆ ನೀರು, ಕೆಳಗ ಬರ್ಫ. ಅಲ್ಲೆ ಮೊಳಿ ಬಿಟ್ರ ಯಾವ ದೇವರೂ ಕಾಯೂದಿಲ್ಲ. ದಕ್ಷಿಣದಾಗ ಚಳಿ ಕಡಿಮಿ, ಅದಕ್ಕ ಮೊಳಿ ಬ್ಯಾಡ ಅಂತಾರಲ್ಲ, ಅದು ಉಲ್ಟಾ ಲೆಕ್ಕ ನೋಡ್ರಿ. ಸೊನ್ನೆ ಹತ್ರ ಹಗಲು ಕರಗಿ ರಾತ್ರಿ ಕಟ್ಟೋದು ಅಲ್ಲೇ ಹೆಚ್ಚು.

ಎಸ್ಪೂ_ಅಕ್ಕ
ಹುಬ್ಳಿಯವರೇ, ಔಲುವಿನ ರಸ್ತೆ ಬೇರೆ, ನಮ್ಮ ರಿಂಗ್ ರೋಡ್ ಬೇರೆ. ಇಲ್ಲಿ ರಾತ್ರೋರಾತ್ರಿ ಉಪ್ಪು ಸುರಿದಿರ್ತಾರೆ. ನನ್ನ ಕಾರಲ್ಲಿ ಕಿತ್ಕಾ ಬಿಟ್ಟು ಬೇರೆ ಹಾಕಿಯೇ ಇಲ್ಲ, ಏನೂ ಆಗಿಲ್ಲ.

ಹುಬ್ಳಿ_ಹುಡುಗ
ಆಗೂಮಟ ಆಗಿರೂದಿಲ್ಲ ಬಿಡ್ರಿ ಅಕ್ಕಾರ.

ಮೇಷ್ಟ್ರು_ಮಲ್ಲೇಶಿ
ಫೋನ್ ಕಂಪನಿಗೂ ಟೈರ್ ಕಂಪನಿಗೂ ಸಂಬಂಧ ಕೇಳಿದವರಿಗೆ: ಹಿಂದೆ ಇತ್ತು, ಈಗಿಲ್ಲ. 1898ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ರಬ್ಬರ್ ಕಾರ್ಖಾನೆ ಶುರುವಾಯಿತು. 1904ರಲ್ಲಿ ನೋಕಿಯಾ ಊರಿಗೆ ಹೋಯಿತು. ಅಲ್ಲಿ ಆಗಲೇ ನದಿ ದಂಡೆಯಲ್ಲಿ ಕಾಗದದ ಗಿರಣಿ ಇತ್ತು, ನದಿಯ ವಿದ್ಯುತ್ತೂ ಇತ್ತು. ರಬ್ಬರಿನವರು ಗಲೋಶು (ಶೂ ಮೇಲೆ ಹಾಕುವ ರಬ್ಬರ್ ಹೊದಿಕೆ), ಬೂಟು ಮಾಡುತ್ತಿದ್ದರು. 1925ರಲ್ಲಿ ಸೈಕಲ್ ಟೈರಿಗೆ, 1932ರಲ್ಲಿ ಕಾರಿನ ಟೈರಿಗೆ ಇಳಿದರು. 1967ರಲ್ಲಿ ಕಾಗದ, ರಬ್ಬರ್, ಕೇಬಲ್ ಮೂರೂ ಒಂದಾಗಿ ನೋಕಿಯಾ ಅನ್ನೋ ದೊಡ್ಡ ಕಂಪನಿ ಆಯಿತು. ಆ ಕೇಬಲ್ ಕಂಪನಿಯ ಎಲೆಕ್ಟ್ರಾನಿಕ್ಸ್ ವಿಭಾಗವೇ ಮುಂದೆ ಬೆಳೆದು ನಿಮ್ಮ ಕೈಗೆ ಫೋನ್ ಬಂದದ್ದು. 1988ರಲ್ಲಿ ಟೈರ್ ವಿಭಾಗ ಬೇರೆ ಕಂಪನಿಯಾಯಿತು, 1995ರಲ್ಲಿ ಹೆಲ್ಸಿಂಕಿ ಷೇರುಪೇಟೆಗೆ ಬಂತು. 2003ರಲ್ಲಿ ನೋಕಿಯಾ ತನ್ನ ಉಳಿದ ಪಾಲನ್ನು ಜಪಾನಿನ ಬ್ರಿಜ್‌ಸ್ಟೋನ್‌ಗೆ ಮಾರಿ ಕೈತೊಳೆದುಕೊಂಡಿತು.

ಚಳಿಗಾಲದ ಟೈರ್ ಅಂತ ಪ್ರಪಂಚದಲ್ಲೇ ಮೊದಲು ಮಾಡಿದ್ದೂ ಇವರೇ, 1934ರಲ್ಲಿ, ಲಾರಿಗಳಿಗೆ. ಆಗ ರಸ್ತೆಯಲ್ಲಿ ಹಿಮ ತೆಗೆಯುವ ವ್ಯವಸ್ಥೆ ಅಷ್ಟಕ್ಕಷ್ಟೆ. ಉದ್ದ ಗೆರೆಗಳ ಬದಲು ಅಡ್ಡಡ್ಡ ದಪ್ಪ ಪಟ್ಟಿ ಇಟ್ಟು ಹಿಮವನ್ನು ಕಚ್ಚಿ ಹೋಗುವ ಹಾಗೆ ಮಾಡಿದರು. ಕಾರಿಗೆ ಹಕ್ಕಪೆಲೀತ್ತ ಬಂದದ್ದು 1936ರಲ್ಲಿ. ಆ ಹೆಸರು ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ ರಾಜನ ಸೈನ್ಯದಲ್ಲಿದ್ದ ಫಿನ್ನಿಶ್ ಕುದುರೆ ಸವಾರರದ್ದು.

ಸುಮ್ನೆ_ಓದ್ತೀನಿ
ಮೇಷ್ಟ್ರೇ ಕ್ಲಾಸ್ ಮುಗೀತಾ? ನೋಟ್ಸ್ ಬರ್ಕೊಂಡೆ.

ಪಂಕ್ಚರ್_ಪುಟ್ಟಣ್ಣ
ನಾನು ಮೈಸೂರಲ್ಲಿ ಮೆಟಗಳ್ಳಿ ಕಡೆ ಟೈರ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು. ವಿಕ್ರಾಂತ್ ಅಂತಿದ್ದಾಗ ಸೇರಿದ್ದು, 1997ರಲ್ಲಿ ಜೆಕೆ ಟೈರ್‌ನವರ ಕೈಗೆ ಹೋಯ್ತು. ಹಿಮ ಗಿಮ ನೋಡಿಲ್ಲ, ರಬ್ಬರ್ ಗೊತ್ತು.

ಹೊಸಬರೇ, ದುಡ್ಡು ಯಾಕೆ ಜಾಸ್ತಿ ಅಂತ ಕೇಳಿದ್ರಲ್ಲ. ಮೇಲಿನ ಡಿಸೈನು ಯಾರು ಬೇಕಾದರೂ ಕಾಪಿ ಹೊಡೀತಾರೆ. ಮೋಲ್ಡ್ ಮಾಡಿಸಿದರೆ ಆಯ್ತು. ಕಾಪಿ ಹೊಡೆಯೋಕೆ ಆಗದ್ದು ಕಾಂಪೌಂಡು, ಅಂದ್ರೆ ರಬ್ಬರಿನ ಮಿಶ್ರಣ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗೋ ಹಾಗೆ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗ್ತಾ ಹೋಗುತ್ತೆ, ಹಿಡಿತ ಬಿಡುತ್ತೆ. ಮೈನಸ್ಸಲ್ಲೂ ಮೆತ್ತಗಿರಬೇಕು ಅಂದ್ರೆ ನೈಸರ್ಗಿಕ ರಬ್ಬರ್ ಪ್ರಮಾಣ, ಸಿಲಿಕಾ, ಎಣ್ಣೆ ಎಲ್ಲಾ ಬೇರೆ ಹದದಲ್ಲಿ ಹೋಗಬೇಕು. ನೋಕಿಯನ್‌ನವರು ಕನೋಲಾ ಎಣ್ಣೆ ಹಾಕ್ತಾರೆ, ಅಂದ್ರೆ ಸಾಸಿವೆ ಜಾತಿಯದ್ದು. ಆದರೆ ಮೆತ್ತಗೆ ಮಾಡಿದಷ್ಟೂ ಬಿಸಿ ರಸ್ತೇಲಿ ಬೇಗ ಸವೆಯುತ್ತೆ. ಈ ಎರಡರ ಮಧ್ಯೆ ಹದ ಹಿಡಿಯೋದೇ ಕೆಮಿಸ್ಟ್ ಕೆಲಸ. ನಮ್ಮಲ್ಲಿ ಮಿಕ್ಸಿಂಗ್ ಸೆಕ್ಷನ್ನಿನ ಬ್ಯಾನ್ಬರಿ ಮಿಕ್ಸರಿಂದ ಶೀಟು ಹೊರಬಂದಾಗ ಹಳೇ ಕೈಗಳು ಉಗುರಲ್ಲಿ ಒತ್ತಿ ನೋಡಿಯೇ ಬ್ಯಾಚು ಸರಿಯಿಲ್ಲ ಅಂದುಬಿಡೋರು, ಲ್ಯಾಬ್ ರಿಪೋರ್ಟ್ ಆಮೇಲೆ ಬರೋದು.

ಅಗ್ಗದ ಟೈರಲ್ಲೂ ಚಳಿಗಾಲದ ಟೈರ್ ಅಂತ ತೋರಿಸೋ ಹಿಮದ ಹೂವಿನ ಗುರುತು ಇರುತ್ತೆ. ಅದು ಪಾಸ್ ಮಾರ್ಕು ಅಷ್ಟೇ. 35 ತಗೊಂಡವನೂ ಪಾಸು, 95 ತಗೊಂಡವನೂ ಪಾಸು.

ತಾಂಪೆರೆ_ಹೊಸಬ
ಪುಟ್ಟಣ್ಣ ಸಾರ್, ಇದನ್ನ ಅಂಗಡಿಯವನು ಹೇಳಲೇ ಇಲ್ಲ. ಥ್ಯಾಂಕ್ಸ್. ಆದರೆ ಇನ್ನೊಂದು ಡೌಟು. ನಾನು ದುಡ್ಡು ಕೊಟ್ಟು ತಗೊಳ್ಳೋ ಟೈರ್ ಇಲ್ಲೇ ನೋಕಿಯಾದಲ್ಲಿ ಆಗಿರೋದೇನಾ?

ಷೇರುಪೇಟೆ_ಶೆಟ್ರು
ಅದೇ ದೊಡ್ಡ ಕಥೆ. ಕೂತ್ಕೊಳ್ಳಿ.

2005ರಲ್ಲಿ ಇವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಪಕ್ಕ ವ್ಸೆವೊಲೊಜ್ಸ್ಕ್ ಅನ್ನೋ ಊರಲ್ಲಿ ಫ್ಯಾಕ್ಟರಿ ತೆಗೆದರು. ಕೂಲಿ ಕಡಿಮೆ, ಕರೆಂಟ್ ಅಗ್ಗ, ತೆರಿಗೆ ರಿಯಾಯಿತಿ, ಪಕ್ಕದಲ್ಲೇ ಚಳಿಗಾಲದ ಟೈರ್ ಬೇಕಾದ ಭಾರಿ ಮಾರುಕಟ್ಟೆ. ಅಲ್ಲಿ ಮಾಡಿದ್ದನ್ನ ಫಿನ್‌ಲೆಂಡ್, ಸ್ವೀಡನ್‌ಗೂ ತಂದು ಮಾರಿದರು. ಟೈರ್ ಉದ್ಯಮದಲ್ಲಿ ಯಾರಿಗೂ ಇಲ್ಲದ ಲಾಭದ ಪ್ರಮಾಣ ಇವರಿಗಿತ್ತು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಬೆಳೆದೂ ಬೆಳೆದು ಕೊನೆಗೆ ಕಂಪನಿಯ ಕಾರು ಟೈರುಗಳಲ್ಲಿ ಸುಮಾರು 80% ಆ ಒಂದೇ ಜಾಗದಿಂದ ಬರೋ ಹಾಗಾಯ್ತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. ಯುರೋಪಿಯನ್ ಒಕ್ಕೂಟದ (ಇ.ಯು.) ನಿರ್ಬಂಧಗಳಲ್ಲಿ ರಷ್ಯಾದಿಂದ ಟೈರ್ ಆಮದೂ ಸೇರಿತು. ಜೂನ್ ಕೊನೆಗೆ ರಷ್ಯಾ ಬಿಡ್ತೀವಿ ಅಂತ ಘೋಷಣೆ. ಅಕ್ಟೋಬರಲ್ಲಿ ತಾತ್‌ನೆಫ್ಟ್ ಅನ್ನೋ ಅಲ್ಲಿನ ತೈಲ ಕಂಪನಿಗೆ ಸುಮಾರು 40 ಕೋಟಿ ಯೂರೋಗೆ ಮಾರೋ ಒಪ್ಪಂದ ಆಯ್ತು. 2023ರ ಮಾರ್ಚಲ್ಲಿ ವ್ಯವಹಾರ ಮುಗಿದಾಗ ಕೈಗೆ ಬಂದದ್ದು 28.5 ಕೋಟಿ. ಫ್ಯಾಕ್ಟರಿ ಈಗಲೂ ನಡೀತಿದೆ, ಐಕಾನ್ ಅಂತ ಹೆಸರು ಬದಲಾಯಿಸಿಕೊಂಡು. ಹಕ್ಕಪೆಲೀತ್ತ ಹೆಸರು ಇವರ ಹತ್ತಿರವೇ ಉಳೀತು. ಹೆಸರು ಉಳೀತು, ಟೈರ್ ಮಾಡೋ ಜಾಗ ಹೋಯ್ತು!

ಲೆಕ್ಕ ನೋಡಿ: 2021ರಲ್ಲಿ ಮಾರಾಟ 171 ಕೋಟಿ ಯೂರೋ. 2023ರಲ್ಲಿ 117 ಕೋಟಿ. 30 ಯೂರೋ ದಾಟಿದ್ದ ಷೇರು 10ಕ್ಕಿಂತ ಕೆಳಗೆ ಬಂತು. ನನ್ನ ಹತ್ತಿರ ಇದೆ, ಎಷ್ಟಿದೆ ಅಂತ ಕೇಳಬೇಡಿ.

ಸುಮ್ನೆ_ಓದ್ತೀನಿ
ಎಷ್ಟಿದೆ ಶೆಟ್ರೇ?

ಎಸ್ಪೂ_ಅಕ್ಕ
ಶೆಟ್ರೇ, 2022ರ ವಸಂತದಲ್ಲಿ ಇಲ್ಲಿ ಎಷ್ಟು ಗಲಾಟೆ ಆಯ್ತು ಅನ್ನೋದನ್ನ ಬಿಟ್ಟುಬಿಟ್ರಿ. ಬೇರೆ ಕಂಪನಿಗಳು ಮಾರ್ಚಲ್ಲೇ ಗಂಟುಮೂಟೆ ಕಟ್ಟಿದ್ವು. ಇವರು ತಿಂಗಳುಗಟ್ಟಲೆ ಅಲ್ಲೇ ಟೈರ್ ಮಾಡ್ತಾ ಕೂತರು. ನಾವು ಬಿಟ್ಟುಹೋದರೆ ಫ್ಯಾಕ್ಟರಿ ಬೇರೆಯವರ ಕೈಗೆ ಸಿಕ್ಕಿ ಮಿಲಿಟರಿ ಗಾಡಿಗೆ ಟೈರ್ ಮಾಡ್ತಾರೆ ಅನ್ನೋದು ಇವರ ವಾದ. ಅಷ್ಟು ದಿನ ಎಳೆದಾಡಿ ಕೊನೆಗೆ ಆಗಿದ್ದೇನು? ಬೇರೆಯವರ ಕೈಗೇ ಹೋಯ್ತಲ್ಲ. ನನ್ನ ಫಿನ್ನಿಶ್ ಗೆಳತಿಯೊಬ್ಬಳು ಆ ವರ್ಷ ಬೇಕಂತಲೇ ಬೇರೆ ಕಂಪನಿ ಟೈರ್ ಹಾಕಿಸಿದಳು.

ಷೇರುಪೇಟೆ_ಶೆಟ್ರು
ಅಕ್ಕಾ, ಫ್ಯಾಕ್ಟರಿಯನ್ನ ಹೆಗಲ ಮೇಲೆ ಹೊತ್ಕೊಂಡು ಬರೋಕಾಗುತ್ತಾ? ಆಫೀಸ್ ಬಾಡಿಗೆಗೆ ಹಿಡಿದಿದ್ದ ಸಾಫ್ಟ್‌ವೇರ್ ಕಂಪನಿ ನಾಳೆ ಬೆಳಿಗ್ಗೆ ಬಾಗಿಲು ಹಾಕಬಹುದು. 80% ಮಾಲು ಅಲ್ಲಿಂದ ಬರುವಾಗ ಬಾಗಿಲು ಹಾಕಿದರೆ ಆ ವರ್ಷದ ಚಳಿಗಾಲಕ್ಕೆ ನಿಮ್ಮ ಅಂಗಡಿಗೆ ಟೈರೇ ಬರ್ತಿರಲಿಲ್ಲ.

ಎಸ್ಪೂ_ಅಕ್ಕ
ನಾನೂ ಅದನ್ನೇ ಹೇಳ್ತಿರೋದು. 80% ಒಂದೇ ಕಡೆ ಇಡೋಕೆ ಹೇಳಿದ್ದು ಯಾರು? 2014ರಲ್ಲಿ ರಷ್ಯಾ ಕ್ರಿಮಿಯಾ ಕಿತ್ಕೊಂಡಾಗಲೇ ಗಂಟೆ ಬಾರಿಸಿತ್ತು.

ಮಿಷಿಗನ್_ಮಂಜು
ಅಮೆರಿಕಾ ಫ್ಯಾಕ್ಟರಿ ಮರೀಬೇಡಿ. ಟೆನೆಸ್ಸೀಯ ಡೇಟನ್ ಅನ್ನೋ ಊರಲ್ಲಿ 36 ಕೋಟಿ ಡಾಲರ್ ಹಾಕಿ 2019ರಲ್ಲಿ ಶುರು ಮಾಡಿದ್ರು. ವರ್ಷಕ್ಕೆ 40 ಲಕ್ಷ ಟೈರ್ ಮಾಡೋ ಸಾಮರ್ಥ್ಯ. ಅಂದ್ರೆ ಎಚ್ಚರಿಕೆ ಗಂಟೆ ಕೇಳಿಸಿತ್ತು ಅನ್ಸುತ್ತೆ, ಎದ್ದಿದ್ದು ತಡವಾಗಿ. 2025ರ ಮೇನಲ್ಲಿ ಇಲ್ಲಿ ಆಮದು ಟೈರ್ ಮೇಲೆ 25% ಸುಂಕ ಹಾಕಿದಾಗ ಅದೇ ಫ್ಯಾಕ್ಟರಿ ಕೈ ಹಿಡೀತು ನೋಡಿ.

ಅಂದಹಾಗೆ ಇಲ್ಲಿ ಇವರದ್ದು ವರ್ಷಪೂರ್ತಿ ಓಡಿಸೋ ಟೈರ್ ಜಾಸ್ತಿ ಹೋಗುತ್ತೆ. ನಾನೂ ಅದೇ ಹಾಕಿರೋದು, ಸೀಸನ್‌ಗೆ ಬದಲಾಯಿಸೋ ರಗಳೆ ಇಲ್ಲ.

ಹುಬ್ಳಿ_ಹುಡುಗ
ಮಂಜಣ್ಣಾ, ಅದನ್ನ ಇಲ್ಲಿ ಹೇಳಿ ಹೊಸಬರ ತಲಿ ಕೆಡಸಬ್ಯಾಡ್ರಿ. ವರ್ಷಪೂರ್ತಿ ಟೈರು ಮಿಷಿಗನ್ನಿಗೆ ನಡದೀತು. ಇಲ್ಲೆ ಬೇಸಿಗಿಗೊಂದು ಸೆಟ್ಟು, ಚಳಿಗಾಲಕ್ಕೊಂದು ಸೆಟ್ಟು, ಅಷ್ಟೇ. ಮನಿಯಾಗ ಇಡಾಕ ಜಾಗ ಇಲ್ಲಂದ್ರ ರೆಂಗಸ್‌ಹೊಟೆಲ್ಲಿ ಅಂತ ಇರ್ತಾವ, ಟೈರಿಗೂ ಹೋಟೆಲ್ಲು! ರೊಕ್ಕ ಕೊಟ್ರ ತೊಳದು, ನಂಬರ್ ಹಚ್ಚಿ ಇಟ್ಕೋತಾರ.

ಸುಮ್ನೆ_ಓದ್ತೀನಿ
ಬೆಂಗಳೂರಲ್ಲಿ ಮನುಷ್ಯರಿಗೇ ಬಾಡಿಗೆಗೆ ರೂಮ್ ಸಿಗ್ತಿಲ್ಲ, ಅಲ್ಲಿ ಟೈರಿಗೆ ಹೋಟೆಲ್.

ರಬ್ಬರ್‌ತೋಟ_ಸುಳ್ಯ
ಎಂತ ಮಾರಾಯ್ರೆ, ಇಷ್ಟೊತ್ತಾಯ್ತು, ಟೈರಿನ ಬಗ್ಗೆ ಮಾತಾಡುತ್ತಾ ಇದ್ದೀರಿ, ರಬ್ಬರ್ ಬೆಳೆಯುವವನನ್ನು ಒಬ್ಬರೂ ಕೇಳಲಿಲ್ಲ!

ನಮ್ಮದು ಸುಳ್ಯದ ಹತ್ತಿರ ಸಣ್ಣ ತೋಟ. ಪಕ್ಕದಲ್ಲೇ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಉಂಟು, ಶ್ರೀಲಂಕಾದಿಂದ ವಾಪಸು ಬಂದ ತಮಿಳರಿಗೆ ಕೆಲಸ ಕೊಡಲು ಮಾಡಿದ್ದು. ಬೆಳಿಗ್ಗೆ ಕತ್ತಲಿರುವಾಗಲೇ ಹೆಡ್‌ಲೈಟ್ ಕಟ್ಟಿಕೊಂಡು ಟ್ಯಾಪಿಂಗಿಗೆ, ಅಂದರೆ ಮರ ಕೆತ್ತಿ ಹಾಲು ಇಳಿಸಲು, ಹೋಗಬೇಕು, ಬಿಸಿಲು ಏರಿದರೆ ಹಾಲು ಬೇಗ ನಿಲ್ಲುತ್ತದೆ. ಚಿಪ್ಪಿನಿಂದ ಬಕೆಟಿಗೆ ಸುರಿದು, ಟ್ರೇಯಲ್ಲಿ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನಿಗೆ ಕೊಟ್ಟು ಶೀಟ್ ಮಾಡಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಅಂಗಡಿಯವ ಬೆಳಕಿಗೆ ಹಿಡಿದು ನೋಡಿ "ಇದು ಆರೆಸ್ಸೆಸ್ ನಾಲ್ಕು ಆಗುವುದಿಲ್ಲ, ಲಾಟ್ ರೇಟ್ ಕೊಡ್ತೇನೆ" ಅಂತಾನೆ (ಆರೆಸ್ಸೆಸ್ ನಾಲ್ಕು ಅಂದರೆ ಹೊಗೆಯಲ್ಲಿ ಒಣಗಿಸಿದ ಶೀಟಿನ ಒಂದು ದರ್ಜೆ, ಲಾಟ್ ಅದಕ್ಕಿಂತ ಕೆಳಗಿನದ್ದು). ಮಳೆಗಾಲದಲ್ಲಿ ರೈನ್‌ಗಾರ್ಡ್ ಹಾಕದಿದ್ದರೆ ಆ ತಿಂಗಳುಗಳಿಗೆ ರಜೆ.

ನನ್ನ ಪ್ರಶ್ನೆ: ಈ ಫಿನ್‌ಲೆಂಡಿನವರು ರಬ್ಬರ್ ಎಲ್ಲಿಂದ ತೆಗೆದುಕೊಳ್ಳುತ್ತಾರೆ? ನಮ್ಮಿಂದ ತೆಗೆದುಕೊಂಡರೆ ಆಗುವುದಿಲ್ಲವಾ?

ಪಂಕ್ಚರ್_ಪುಟ್ಟಣ್ಣ
ಸುಳ್ಯದವರೇ, ಯೂರೋಪಿನವರೆಲ್ಲಾ ಮುಖ್ಯವಾಗಿ ಆಗ್ನೇಯ ಏಷ್ಯಾದಿಂದಲೇ ತಗೊಳ್ಳೋದು. ನಮ್ಮ ದೇಶದಲ್ಲಿ ಬೆಳೆಯೋದು ನಮ್ಮ ಟೈರ್ ಕಂಪನಿಗಳಿಗೇ ಸಾಲಲ್ಲ, ಹೊರಗಿಂದ ತರಿಸ್ತಾರೆ. ರೇಟು ಕಟ್ಟೋದು ಮಾತ್ರ ಅಲ್ಲಿಂದಲೇ. ಬ್ಯಾಂಕಾಕಲ್ಲಿ ಬಿದ್ದರೆ ಕೊಟ್ಟಾಯಂನಲ್ಲೂ ಬೀಳುತ್ತೆ, ನಿಮ್ಮಲ್ಲೂ ಬೀಳುತ್ತೆ.

ಎಸ್ಪೂ_ಅಕ್ಕ
ಇನ್ನೊಂದು ವಿಷಯ, ಸುಳ್ಯ ಭಾವನವರೇ. ಇ.ಯು. ಕಾಡುನಾಶ ತಡೆ ನಿಯಮದಲ್ಲಿ ರಬ್ಬರ್ ಇದೆ, ಟೈರೂ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ರಬ್ಬರ್ ಆಗಲ್ಲ, ತೋಟ ಎಲ್ಲಿದೆ ಅನ್ನೋದಕ್ಕೆ ಜಿಪಿಎಸ್ ಗುರುತು ಕೊಡಬೇಕು. ಎರಡು ಸಲ ಮುಂದಕ್ಕೆ ಹಾಕಿ ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಅಂತಿದ್ದಾರೆ. ಹಳೇ ತೋಟ ಇರೋ ನಿಮ್ಮಂಥವರಿಗೆ ಇದು ಒಳ್ಳೇದೇ ಅಲ್ವಾ?

ರಬ್ಬರ್‌ತೋಟ_ಸುಳ್ಯ
ಒಳ್ಳೆಯದಾಗಬಹುದು ಅಕ್ಕ, ರಬ್ಬರ್ ಬೋರ್ಡಿನವರೂ ಮೀಟಿಂಗಿನಲ್ಲಿ ಹೇಳುತ್ತಾರೆ. ಆದರೆ ನಾನು ಶೀಟ್ ಕೊಡುವುದು ಪೇಟೆಯ ಅಂಗಡಿಗೆ. ಅವ ಹತ್ತು ಜನರದ್ದು ಒಂದೇ ರಾಶಿ ಮಾಡುತ್ತಾನೆ. ಅದರಲ್ಲಿ ನನ್ನ ಜಿಪಿಎಸ್ ಯಾವ ಶೀಟಿಗೆ ಅಂಟಿಸುವುದು? ಹೆಚ್ಚು ರೇಟ್ ಬಂದರೂ ಅದು ನಡುವಿನವನ ಕಿಸೆಗೆ. ಈಗ ಅಡಿಕೆಗೆ ಹಳದಿ ರೋಗ, ರಬ್ಬರಿಗೆ ಟ್ಯಾಪರ್ ಇಲ್ಲ. ಕಡಿದು ಎಂತ ಹಾಕುವುದು ಅಂತ ತಲೆಬಿಸಿ.

ನಿರ್ವಾಹಕ
ಅಡಿಕೆ ಹಳದಿ ಎಲೆ ರೋಗಕ್ಕೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಮೇಷ್ಟ್ರು_ಮಲ್ಲೇಶಿ
ಯಾರೂ ಎತ್ತದ ಒಂದು ವಿಷಯ. ಪತ್ರಿಕೆಗಳ ಟೈರ್ ಪರೀಕ್ಷೆಯಲ್ಲಿ ಹಕ್ಕಪೆಲೀತ್ತ ಮೊದಲ ಸ್ಥಾನ ಅಂತ ಜನ ನಂಬುತ್ತಾರೆ. 2016ರ ಫೆಬ್ರವರಿಯಲ್ಲಿ ಕೌಪ್ಪಲೆಹ್ತಿ ಅನ್ನೋ ಫಿನ್ನಿಶ್ ವಾಣಿಜ್ಯ ಪತ್ರಿಕೆ ಬಯಲು ಮಾಡಿತು: ಪರೀಕ್ಷೆಗೆ ಕಳಿಸುವ ಟೈರನ್ನೇ ಇವರು ಬೇರೆಯಾಗಿ ತಯಾರಿಸುತ್ತಿದ್ದರು, ಅಂಗಡಿಯಲ್ಲಿ ನಮಗೆ ಸಿಗೋದು ಅದಲ್ಲ. ಕಂಪನಿ ಒಪ್ಪಿಕೊಂಡಿತು. ಸುದ್ದಿ ಬಂದ ಕೂಡಲೇ ಷೇರು ಕುಸಿಯಿತು. ಆಫೀಸಿನ ಗೆಳೆಯರು ಇದನ್ನು ಹೇಳಿದರಾ, ಹೊಸಬರೇ?

ತಾಂಪೆರೆ_ಹೊಸಬ
ಇಲ್ಲ ಸಾರ್! ಹೇಳೇ ಇಲ್ಲ.

ಪಂಕ್ಚರ್_ಪುಟ್ಟಣ್ಣ
ಪರೀಕ್ಷೆಗೆ ಒಳ್ಳೇ ಮಾಲು ಆರಿಸಿ ಕಳಿಸೋದು ಎಲ್ಲಾ ಉದ್ಯಮದಲ್ಲೂ ನಡೆಯೋದೇ. ಹಾಗಂತ ಸರಿ ಅಂತಲ್ಲ. ಅದಾದ ಮೇಲೆ ತುಂಬಾ ಪತ್ರಿಕೆಗಳು ಅಂಗಡಿಯಿಂದ ತಾವೇ ಟೈರ್ ಕೊಂಡು ಪರೀಕ್ಷೆ ಮಾಡ್ತಾರೆ. ಹಾಗೆ ಕೊಂಡದ್ದರಲ್ಲೂ ಇವರದ್ದು ಮೇಲೇ ಇರುತ್ತೆ, ಅದನ್ನೂ ಹೇಳಿ ಮೇಷ್ಟ್ರೇ.

ಮೇಷ್ಟ್ರು_ಮಲ್ಲೇಶಿ
ಮೇಲೆ ಇರುತ್ತೆ ಅನ್ನೋದು ಸರಿ. ಯಾವಾಗಲೂ ಮೊದಲು ಅಲ್ಲ. ಮಿಶೆಲಿನ್, ಕಾಂಟಿನೆಂಟಲ್, ಗುಡ್‌ಇಯರ್ ಜೊತೆ ಜಟಾಪಟಿ ಇದ್ದೇ ಇರುತ್ತೆ. ಚಳಿಗಾಲದ ಟೈರ್ ಮಾಡಲು ಫಿನ್‌ಲೆಂಡಿನಲ್ಲೇ ಹುಟ್ಟಬೇಕು ಅಂತೇನಿಲ್ಲ. ನಮ್ಮ ಅಪೋಲೋ ಟೈರ್ಸ್ 2009ರಲ್ಲಿ ಡಚ್ಚರ ವ್ರೆಡೆಸ್ಟೈನ್ ಕಂಪನಿ ಕೊಂಡು ಚಳಿಗಾಲದ ಟೈರ್ ಮಾರುತ್ತಿದೆ.

ಹುಬ್ಳಿ_ಹುಡುಗ
ಪರೀಕ್ಷಾ ಅಂದ ಕೂಡಲೆ ನೆನಪಾತು. ಇವಾಲೋದಾಗ ಇವರದ್ದು 700 ಹೆಕ್ಟೇರಿನ ಪರೀಕ್ಷಾ ಜಾಗ ಐತಿ. ಲ್ಯಾಪ್‌ಲ್ಯಾಂಡಿನ ತುದಿ. ಸರೋವರದ ಮ್ಯಾಲಿನ ಬರ್ಫ ಕೆರದು ಟ್ರ್ಯಾಕ್ ಮಾಡ್ತಾರ. "ಬಿಳಿ ನರಕ" ಅಂತ ಹೆಸರು. ಬೇಸಿಗಿ ಟೈರಿಗೆ ಸ್ಪೇನಿನಾಗ ಇನ್ನೊಂದು ಮಾಡ್ಯಾರ. ಮತ್ತ 2013ರಾಗ ನಮ್ಮ ಔಲು ಹತ್ರ ಹೆಪ್ಪುಗಟ್ಟಿದ ಸಮುದ್ರದ ಮ್ಯಾಲೆ ಆಡಿ ಕಾರು ಓಡಿಸಿ ತಾಸಿಗೆ 335 ಕಿ.ಮೀ. ದಾಟಿಸಿದ್ರು. ಬರ್ಫದ ಮ್ಯಾಲೆ! ಮೊಳಿ ಟೈರಿನಾಗ!

ಸುಮ್ನೆ_ಓದ್ತೀನಿ
ನಮ್ಮ ಸಿಲ್ಕ್ ಬೋರ್ಡಿಗೆ ಬನ್ನಿ ಅನ್ನಿ ಅವರಿಗೆ.

ಎಸ್ಪೂ_ಅಕ್ಕ
ಮೊಳೆ ಮೊಳೆ ಅಂತ ಕುಣೀಬೇಡಿ. ಏಪ್ರಿಲಲ್ಲಿ ಹಿಮ ಕರಗಿದ ಮೇಲೆ ಇಲ್ಲಿ ಗಾಳಿ ನೋಡಿ. ಮೊಳೆ ಡಾಂಬರನ್ನ ಕೆರೆದು ಪುಡಿ ಮಾಡಿರುತ್ತೆ, ಮೇಲಿಂದ ಜಾರಬಾರದು ಅಂತ ಹಾಕಿದ ಜಲ್ಲಿ ಪುಡಿ ಬೇರೆ. ನನ್ನ ಮಗನಿಗೆ ಆಸ್ತಮಾ, ಆ ಧೂಳಿನ ವಾರಗಳಲ್ಲಿ ಪಂಪ್ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ. ಸ್ಟಾಕ್‌ಹೋಮ್‌ನ ಹೋರ್ನ್ಸ್‌ಗಾತನ್ ರಸ್ತೆಯಲ್ಲಿ 2010ರಿಂದ ಮೊಳೆ ಟೈರ್ ನಿಷೇಧ. ಓಸ್ಲೋದಲ್ಲಿ ಮೊಳೆ ಟೈರಿಗೆ ಶುಲ್ಕ ಕಟ್ಟಬೇಕು. ಯಾಕೆ ಅಂತೀರಿ?

ಹುಬ್ಳಿ_ಹುಡುಗ
ಅಕ್ಕಾರ, ಅದು ಒಪ್ಪತಕ್ಕ ಮಾತು. ಆದ್ರ ಎಲ್ಲಾರೂ ಕಿತ್ಕಾ ಹಾಕಿದ್ರ ಚೌಕಿನಾಗ ಬರ್ಫ ಉಜ್ಜಿ ಉಜ್ಜಿ ಕನ್ನಡಿ ಆಗ್ತೈತಿ. ಮೊಳಿ ಇದ್ದ ಗಾಡಿ ಹೋಗಿ ಅದನ್ನ ಕೆರದು ಒರಟು ಮಾಡೂದಕ್ಕ ನಿಮ್ಮ ಕಿತ್ಕಾನೂ ನಿಲ್ತೈತಿ. ನಮ್ಮ ಮೊಳಿ ಪುಣ್ಯ ನೀವು ಉಣ್ಣಾಕತ್ತೀರಿ.

ಪಂಕ್ಚರ್_ಪುಟ್ಟಣ್ಣ
ಮೊಳೆಗೂ ನಿಯಮ ಇದೆ. ಟೈರಿನ ಸುತ್ತಳತೆ ಮೀಟರಿಗೆ 50 ಮೊಳೆ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಗ್ರಾನೈಟ್ ಕಲ್ಲಿನ ಮೇಲೆ ಕಾರು ಓಡಿಸಿ ಕಲ್ಲು ಎಷ್ಟು ಸವೆಯಿತು ಅಂತ ತೂಕ ಹಾಕಿ ತೋರಿಸಬೇಕು. ನೋಕಿಯನ್‌ನವರು ಆ ದಾರಿ ಹಿಡಿದು ಹಗುರವಾದ ಮೊಳೆ ಜಾಸ್ತಿ ಹಾಕಿದ್ರು. 2025ರಲ್ಲಿ ಹಕ್ಕಪೆಲೀತ್ತ 01 ಅಂತ ತಂದಿದ್ದಾರೆ, ಅದರಲ್ಲಿ ಮೊಳೆಯ ಅಡಿಯಲ್ಲಿರೋ ರಬ್ಬರ್ ಚಳಿಗೆ ಗಟ್ಟಿ, ಬೆಚ್ಚಗಾದರೆ ಮೆತ್ತಗೆ. ಬರೀ ರಸ್ತೆ ಇದ್ದಾಗ ಮೊಳೆ ಒಳಕ್ಕೆ ಜಗ್ಗುತ್ತೆ ಅನ್ನೋ ಲೆಕ್ಕ.

ತಾಂಪೆರೆ_ಹೊಸಬ
ಎಲ್ಲರ ಮಾತು ಓದಿದೆ. ಮೊಳೆಯದ್ದೇ ತಗೊಂಡೆ, ಹಕ್ಕಪೆಲೀತ್ತ, ಆದರೆ ಹಿಂದಿನ ಮಾಡೆಲ್, ಸ್ವಲ್ಪ ಡಿಸ್ಕೌಂಟ್ ಸಿಕ್ತು. ಅಂಗಡಿಯಲ್ಲಿ ಬ್ಯಾಟರಿ ಹಾಕಿ ಪಕ್ಕೆ ಮೇಲಿನ ಬರಹ ಓದಿದೆ, ಮೇಡ್ ಇನ್ ಫಿನ್‌ಲೆಂಡ್ ಅಂತಲೇ ಇತ್ತು. ಮೇಲ್ಮೈ ಮಧ್ಯದಲ್ಲಿ 8, 6, 4 ಅಂತ ಅಂಕಿ ಮತ್ತು ಒಂದು ಹಿಮದ ಹಳಕಿನ ಚಿತ್ರ ಕೊರೆದಿದ್ದಾರೆ. ಸವೆದ ಹಾಗೆ ಅಂಕಿ ಅಳಿಸಿಹೋಗುತ್ತಂತೆ, ಆ ಚಿತ್ರ ಅಳಿಸಿದರೆ 4 ಮಿ.ಮೀ.ಗಿಂತ ಕಮ್ಮಿ ಅಂತ ಅರ್ಥ, ಬದಲಾಯಿಸು ಅಂತ.

ಎಸ್ಪೂ_ಅಕ್ಕ
ಒಳ್ಳೇದಾಯ್ತು. ಹೊಸ ಮೊಳೆ ಟೈರಲ್ಲಿ ಮೊದಲ 500 ಕಿ.ಮೀ. ಮೆತ್ತಗೆ ಓಡಿಸು. ಜೋರು ಬ್ರೇಕು, ಚಕ್ರ ತಿರುಗಿಸೋ ಹುಚ್ಚಾಟ ಬೇಡ, ಮೊಳೆ ಕೂತ್ಕೊಬೇಕು. ನಟ್ಟು 50ರಿಂದ 100 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಿಸು. ಕಳೆದ ವರ್ಷ ಒಂದು ಅಂಗಡಿಯವರು ನನ್ನ ಕಾರಿಗೆ ಹಾಕುವಾಗ ತಿರುಗೋ ದಿಕ್ಕಿನ ಬಾಣದ ಗುರುತು ನೋಡದೆ ಎಡದ್ದು ಬಲಕ್ಕೆ ಹಾಕಿದ್ರು. ಅದನ್ನೂ ನೋಡ್ಕೊ.

ಷೇರುಪೇಟೆ_ಶೆಟ್ರು
ಹೊಸಬರೇ, ಮೇಡ್ ಇನ್ ಫಿನ್‌ಲೆಂಡ್ ಸಿಕ್ಕಿದ್ದು ಅದೃಷ್ಟ. ನೋಕಿಯಾ ಊರಲ್ಲಿ ಕಾರ್ ಟೈರ್ ಈಗಲೂ ಮಾಡ್ತಾರೆ, ಜೊತೆಗೆ ಕಾಡಿನ ಯಂತ್ರ, ಟ್ರಾಕ್ಟರಿನ ಭಾರೀ ಟೈರುಗಳು. ಮುಂದೆ ನಿಮ್ಮ ಕೈಗೆ ಬರೋದು ಬಹುಶಃ ರುಮೇನಿಯಾದ್ದು. ಓರಾಡ್ಯಾ ಅನ್ನೋ ಊರಲ್ಲಿ 65 ಕೋಟಿ ಯೂರೋ ಹಾಕಿ ಫ್ಯಾಕ್ಟರಿ ಕಟ್ಟಿದ್ದಾರೆ. ರುಮೇನಿಯಾ ಸರ್ಕಾರದ ಸಹಾಯಧನ 10 ಕೋಟಿ ಹತ್ತಿರ. 2024ರ ಜುಲೈಯಲ್ಲಿ ಮೊದಲ ಟೈರ್ ಬಂತು. ಪೂರ್ತಿ ಓಡಿದರೆ ವರ್ಷಕ್ಕೆ 60 ಲಕ್ಷ. ಇಂಗಾಲ ಹೊರಸೂಸದ ಪ್ರಪಂಚದ ಮೊದಲ ದೊಡ್ಡ ಟೈರ್ ಫ್ಯಾಕ್ಟರಿ ಅಂತ ಹೇಳ್ಕೋತಾರೆ. ಟೈರ್ ಬೇಯಿಸೋಕೆ ಬೇಕಾದ ಉಗಿಯನ್ನ ಗ್ಯಾಸಿನ ಬದಲು ಕರೆಂಟಲ್ಲಿ ಮಾಡ್ತಾರೆ.

2024ರಲ್ಲಿ ಮಾರಾಟ 129 ಕೋಟಿಗೆ ಏರಿದೆ. 2025ರ ಜನವರಿಯಿಂದ ಪಾವೊಲೊ ಪೊಂಪೈ ಅಂತ ಹೊಸ ಸಿ.ಇ.ಒ. ನಾನು ಹಿಡ್ಕೊಂಡಿದ್ದೀನಿ.

ಮೇಷ್ಟ್ರು_ಮಲ್ಲೇಶಿ
ಸೊನ್ನೆ ಇಂಗಾಲ ಅನ್ನೋದು ಫ್ಯಾಕ್ಟರಿ ಗೋಡೆಯೊಳಗಿನ ಲೆಕ್ಕ ಶೆಟ್ರೇ. ಗೋಡೆಯಾಚೆಯಿಂದ ಬರುವ ಕಾರ್ಬನ್ ಬ್ಲ್ಯಾಕ್ (ರಬ್ಬರಿಗೆ ಸೇರಿಸುವ ಕಪ್ಪು ಪುಡಿ), ಸಿಂಥೆಟಿಕ್ ರಬ್ಬರ್, ಎಲ್ಲಾ ಪೆಟ್ರೋಲಿಯಂ ಮೂಲದ್ದೇ. ಸುಳ್ಯದಂಥ ತೋಟದಿಂದ ಹಡಗಲ್ಲಿ ಬರೋದು ಬೇರೆ.

ರಬ್ಬರ್‌ತೋಟ_ಸುಳ್ಯ
ಸುಳ್ಯದಿಂದ ಎಲ್ಲಿಯ ಹಡಗು ಮೇಷ್ಟ್ರೇ, ನನ್ನ ಶೀಟ್ ಪಿಕಪ್ಪಿನಲ್ಲಿ ಪೇಟೆಗೆ ಹೋಗುವುದು.

ಮಿಷಿಗನ್_ಮಂಜು
ಶೆಟ್ರೇ, ನನಗೊಂದು ಅರ್ಥ ಆಗ್ತಿಲ್ಲ. ಮಾರಾಟ ಏರಿದೆ ಸರಿ, ಲಾಭ? ರಷ್ಯಾದಲ್ಲಿ ಅಗ್ಗಕ್ಕೆ ಮಾಡ್ತಿದ್ದ ಟೈರನ್ನ ಈಗ ಬೇರೆ ಕಂಪನಿಗಳ ಹತ್ತಿರ ಗುತ್ತಿಗೆಗೆ ಮಾಡಿಸ್ತಾರೆ, ಹೊಸ ಫ್ಯಾಕ್ಟರಿಗೆ ಸಾಲ. ಹಳೇ ಲಾಭ ಬಂದಿದ್ದು ಟೈರ್ ಜಾಣತನದಿಂದಲೋ ರಷ್ಯಾದ ಅಗ್ಗದ ಕೂಲಿಯಿಂದಲೋ? ಎರಡನೇದೇ ಆಗಿದ್ರೆ ಅದು ವಾಪಸ್ ಬರಲ್ಲ.

ಷೇರುಪೇಟೆ_ಶೆಟ್ರು
ಎರಡೂ ಇತ್ತು. ಬ್ರಾಂಡ್ ಇಲ್ಲದೆ ಬರೀ ಅಗ್ಗದ ಕೂಲಿ ಇದ್ದಿದ್ರೆ ಎಲ್ಲರೂ ಅಲ್ಲೇ ದುಡ್ಡು ಮಾಡ್ತಿದ್ರು. ಮಿಶೆಲಿನ್, ಕಾಂಟಿನೆಂಟಲ್ ಎರಡಕ್ಕೂ ರಷ್ಯಾದಲ್ಲಿ ಫ್ಯಾಕ್ಟರಿ ಇತ್ತಲ್ಲ? ಅವರದ್ದೂ ಹೋಯ್ತು.

ಮಿಷಿಗನ್_ಮಂಜು
ಅವರದ್ದು ಹೋದಾಗ ಒಂದು ಬೆರಳು ಹೋಯ್ತು, ಇವರದ್ದು ಹೋದಾಗ ಬಲಗೈ ಹೋಯ್ತು. ಡಿವಿಡೆಂಡ್ ಕತ್ತರಿಸಿದ್ದು ನೋಡಿದ್ರಾ?

ಷೇರುಪೇಟೆ_ಶೆಟ್ರು
ನೋಡಿದೆ. ಹೊಸ ಫ್ಯಾಕ್ಟರಿ ಕಟ್ಟುವಾಗ ಡಿವಿಡೆಂಡ್ ಹಂಚೋ ಕಂಪನಿಯೇ ಹೆದರಿಕೆ. ಓರಾಡ್ಯಾ ಪೂರ್ತಿ ಓಡಲಿ, ಆಮೇಲೆ ಮಾತಾಡೋಣ.

ಮಂಡ್ಯ_ಟ್ರಾಕ್ಟರ್
ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ. ಟ್ರಾಕ್ಟರಿಗೂ ಹಿಮದ ಟೈರ್ ಮಾಡ್ತಾರಾ ಇವರು?

ಹುಬ್ಳಿ_ಹುಡುಗ
ಮಾಡ್ತಾರಣ್ಣ. 2015ರಾಗ ರ್‍ಯಾಲಿ ಚಾಂಪಿಯನ್ ಯುಹಾ ಕಂಕ್ಕುನೆನ್ ವಾಲ್ಟ್ರಾ ಟ್ರಾಕ್ಟರಿಗೆ ಇವರ ಟೈರ್ ಹಾಕ್ಕೊಂಡು ಹಿಮದ ರಸ್ತೇಲಿ ತಾಸಿಗೆ 130 ಕಿ.ಮೀ. ಓಡ್ಸ್ಯಾನ.

ಮಂಡ್ಯ_ಟ್ರಾಕ್ಟರ್
130ರಲ್ಲಿ ಏನ್ ಉತ್ತಾನಪ್ಪ ಅವನು?

ಹುಬ್ಳಿ_ಹುಡುಗ
ಉಳೂದಿಲ್ರಿ, ಇಲ್ಲೆ ಟ್ರಾಕ್ಟರ್ ಚಳಿಗಾಲದಾಗ ರಸ್ತಾದ ಹಿಮ ತಗಿಯಾಕ ಓಡ್ತಾವ. ಬೆಳಗಿನ ಜಾವ ನಾಲ್ಕಕ್ಕ ನಮ್ಮ ಅಪಾರ್ಟ್‌ಮೆಂಟ್ ಮುಂದ ಬಂದು ಗಡಗಡ ಸದ್ದು ಮಾಡ್ತಾವ. ನಿದ್ದಿ ಹಾಳು.

ಮಂಡ್ಯ_ಟ್ರಾಕ್ಟರ್
ಆ ಟೈರ್ ಕೆಸರು ಗದ್ದೆಗೆ ಆಗುತ್ತಾ? ರೇಟ್ ಎಷ್ಟು?

ಪಂಕ್ಚರ್_ಪುಟ್ಟಣ್ಣ
ಆಗಲ್ಲ ಅಣ್ಣ, ಕೆಸರಿಗೆ ಎತ್ತರದ ಲಗ್, ಅಂದ್ರೆ ಉಬ್ಬು ಪಟ್ಟಿ, ಬೇಕು. ಇದು ಗಟ್ಟಿ ರಸ್ತೆಗೆ ಚಪ್ಪಟೆ ಕಟ್ಟೆಗಳಿರೋದು. ನಿಮ್ಮ ಈಗಿನ ಟೈರ್ ಸೈಜ್ ಹೇಳಿ, ನಮ್ಮಲ್ಲೇ ಸಿಗೋದು ಹೇಳ್ತೀನಿ.